ಮಣೆಯ ಮೇಲಿನ ಅರ್ಧ ಗಂಟೆ: ಮನಃಶಾಂತಿಗೂ ಭಗವತ್ಪ್ರೀತಿಗೂ ಮನೆಯಲ್ಲೇ ನಡೆಸುವ ಸಾಧನೆಯ ಮಾರ್ಗದರ್ಶಿ

ಶಾಂತಿ ಬೇಕೆಂದು ಗೋಕರ್ಣಕ್ಕೆ ಬರುವವರನ್ನೂ, ಗೋಕರ್ಣದಲ್ಲಿಯೇ ಹುಟ್ಟಿ ಬೆಳೆದು ಮನಸ್ಸಿಗೆ ಶಾಂತಿಯಿಲ್ಲವೆಂದು ಕೊರಗುವವರನ್ನೂ ನಾನು ನೋಡಿದ್ದೇನೆ. ನಮ್ಮ ಮನೆಯಿರುವುದು ಶಿರಸಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಅಡಿಕೆ ತೋಟದ ಅಂಚಿಗೆ. ಪಕ್ಕದ ಮನೆಗೆ ಹೋಗಬೇಕಾದರೆ ಹಳ್ಳದ ಮೇಲಿನ ಸಂಕ (ಕಾಲುಸೇತುವೆ) ದಾಟಬೇಕು. ರಾತ್ರಿ ಕಪ್ಪೆ, ಜೀರುಂಡೆಗಳನ್ನು ಬಿಟ್ಟರೆ ಬೇರೆ ಸದ್ದೇ ಇಲ್ಲ. ಆದರೂ ಅಡಿಕೆ ದರದ ಏರಿಳಿತ, ಬೇಲಿಯ ತಕರಾರು, ಬೆಂಗಳೂರು ಸೇರಿದ ಮಕ್ಕಳ ಚಿಂತೆ ಇವೆಲ್ಲ ಆ ಮೌನದಲ್ಲಿ ಇನ್ನಷ್ಟು ಜೋರಾಗಿಯೇ ಕೇಳಿಸುತ್ತವೆ. ಹೊರಗಿನ ನಿಶ್ಶಬ್ದ ಸಾಧನೆಗೆ ಅನುಕೂಲವೇ ಹೊರತು ಸಾಧನೆಯಲ್ಲ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷಗಳು ಬೇಕಾದವು.

ಈ ಬರಹ ಮಠ ಸೇರುವವರಿಗಲ್ಲ, ಮನೆ ನಡೆಸುತ್ತ ದಿನಕ್ಕೆ ಅರ್ಧ ಗಂಟೆ ಹೊಂದಿಸಿಕೊಳ್ಳಬಲ್ಲವರಿಗೆ. ಇದರ ಹಿಂದೆ ನನ್ನ ಒಂದು ಅಭಿಪ್ರಾಯವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಶಾಂತಿಯನ್ನೇ ಗುರಿಯಾಗಿಟ್ಟುಕೊಂಡು ಕುಳಿತವರು ‘ಬಂತೇ, ಇಲ್ಲವೇ’ ಎಂದು ಪ್ರತಿದಿನ ಇಣುಕಿ ನೋಡುವುದರಲ್ಲಿಯೇ ಅದನ್ನು ಕಳೆದುಕೊಳ್ಳುತ್ತಾರೆ. ಪ್ರೀತಿಸುವುದನ್ನು ಅಭ್ಯಾಸ ಮಾಡಿದವರ ಮನೆಗೆ ಅದು ಕರೆಯದೆಯೇ ಬರುತ್ತದೆ. 84 ಸೂತ್ರಗಳ ನಾರದ ಭಕ್ತಿಸೂತ್ರವು ತನ್ನ ಎರಡನೆಯ ಸೂತ್ರದಲ್ಲಿಯೇ ಭಕ್ತಿಯನ್ನು ಪರಮಪ್ರೇಮರೂಪವೆಂದು ಕರೆಯುತ್ತದೆ. ಭಯ, ಹರಕೆ, ಫಲಗಳ ಮಾತು ಅಲ್ಲಿಲ್ಲ. ಕೆಳಗಿನ ಹೆಜ್ಜೆಗಳೆಲ್ಲ ಆ ಒಂದು ಪದವನ್ನು ದಿನಚರಿಯೊಳಗೆ ತರುವ ಪ್ರಯತ್ನ.

ಶುರು ಮಾಡುವುದು ಯಾವಾಗ

ನಮ್ಮಲ್ಲಿ ವ್ರತವನ್ನು ಮಂಡಲದ ಲೆಕ್ಕದಲ್ಲಿ ಹಿಡಿಯುವ ರೂಢಿಯಿದೆ. ಒಂದು ಮಂಡಲವೆಂದರೆ 48 ದಿನ. ಮೊದಲ ಸಂಕಲ್ಪ ಅಷ್ಟಕ್ಕೇ ಇರಲಿ. ‘ಇನ್ನು ಜೀವನಪರ್ಯಂತ’ ಎಂದು ಹೊರಟವರು ಹದಿನೈದು ದಿನಕ್ಕೆ ನಿಲ್ಲಿಸುವುದೇ ಹೆಚ್ಚು. ಕಾಲ ಯಾವುದಾದರೂ ಆದೀತು, ಆದರೆ ನಮ್ಮ ಜಿಲ್ಲೆಯವರಿಗೆ ಮಳೆಗಾಲದಷ್ಟು ಹೊಂದುವ ಕಾಲ ಇನ್ನೊಂದಿಲ್ಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ದೋಣಿಗಳು ದಡ ಸೇರಿರುತ್ತವೆ, ಬಲೆ ದುರಸ್ತಿಯ ನಡುವೆ ಹೊತ್ತು ಉಳಿಯುತ್ತದೆ, ಒಂದು ಮಂಡಲ ಅದರೊಳಗೆ ಸಲೀಸಾಗಿ ಮುಗಿಯುತ್ತದೆ. ಘಟ್ಟದ ಮೇಲೆ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಸುವ ದಿನಗಳನ್ನು ಬಿಟ್ಟರೆ ತೋಟದ ಕೆಲಸ ಕಡಿಮೆ. ಯತಿಗಳು ಒಂದೆಡೆ ನಿಂತು ಚಾತುರ್ಮಾಸ್ಯ ನಡೆಸುವುದೂ ಇದೇ ಕಾಲದಲ್ಲಿ. ಆದರೆ ಈ ಲೇಖನವನ್ನು ನೀವು ಓದುತ್ತಿರುವುದು ಮಾಘದಲ್ಲಾದರೆ ಆಷಾಢದ ವರೆಗೆ ಕಾಯಬೇಕಾಗಿಲ್ಲ, ನಾಳೆ ಬೆಳಿಗ್ಗೆಯೇ ಕುಳಿತುಬಿಡಿ.

ಮೊದಲ ಹೆಜ್ಜೆ: ಜಾಗ ಮತ್ತು ಹೊತ್ತು

ದೇವರ ಕೋಣೆಯಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಗೋಡೆಗೆ ಹೊಂದಿದ ಒಂದು ಮೂಲೆ ಸಾಕು. ಅಲ್ಲಿ ಒಂದು ಮಣೆ, ಮಣೆಯ ಮೇಲೆ ಮಡಚಿ ಹಾಸಿದ ಕಂಬಳಿ, ಎದುರಿಗೆ ಒಂದು ದೀಪ. ನೆಲದ ಥಂಡಿ ಏರದಂತೆ ಕಂಬಳಿ ಬೇಕು. ಜುಲೈ ತಿಂಗಳಲ್ಲಿ ಘಟ್ಟದ ಮೇಲೆ ಬರಿ ನೆಲದಲ್ಲಿ ಕುಳಿತು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊಬೈಲ್ ಆ ಕೋಣೆಯಲ್ಲಿಯೇ ಇರದಿರಲಿ. ಸಮಯ ನೋಡಲು ಹಳೆಯ ಗೋಡೆ ಗಡಿಯಾರ ಸಾಕು.

ಬ್ರಾಹ್ಮೀ ಮುಹೂರ್ತವೆಂದರೆ ಸೂರ್ಯೋದಯಕ್ಕೆ 96 ನಿಮಿಷ ಮೊದಲು ಆರಂಭವಾಗಿ 48 ನಿಮಿಷ ಇರುವ ಕಾಲ. ನಮ್ಮಲ್ಲಿ ಜನವರಿಯಲ್ಲಿ ಸೂರ್ಯ ಹುಟ್ಟುವಾಗ ಏಳರ ಹತ್ತಿರವಾಗುವುದರಿಂದ ಆಗ ಐದೂವರೆಗೆ ಎದ್ದರೂ ಅದರೊಳಗೇ ಕುಳಿತಂತಾಗುತ್ತದೆ, ಮೇ ತಿಂಗಳಲ್ಲಿ ನಾಲ್ಕೂವರೆಯ ಸುಮಾರಿಗೆ ಏಳಬೇಕಾಗುತ್ತದೆ. ಇದು ಉತ್ತಮ ಪಕ್ಷ, ಕಡ್ಡಾಯವಲ್ಲ. ರಾತ್ರಿ ಪಾಳಿಯಿಂದ ಬೆಳಿಗ್ಗೆ ಎಂಟಕ್ಕೆ ಮನೆಗೆ ಬರುವ ದಾದಿಯರು, ನಸುಕಿಗೇ ಕಡಲಿಗಿಳಿಯುವವರು, ಕೊಟ್ಟಿಗೆಯ ಕೆಲಸ ಮುಗಿಯದೆ ಕೂರಲಾಗದವರು ತಮ್ಮ ಹೊತ್ತನ್ನು ತಾವೇ ಆರಿಸಿಕೊಳ್ಳಲಿ. ಒಮ್ಮೆ ಆರಿಸಿದ ಹೊತ್ತನ್ನು ಮಾತ್ರ ಬದಲಿಸಬಾರದು. ದಿನವೂ ಹಾಲು ಕರೆಯುವ ಹೊತ್ತಿಗೆ ಹಸು ತಾನಾಗಿಯೇ ಸೊರೆ ಬಿಡುವಂತೆ, ಕೆಲವು ವಾರಗಳಲ್ಲಿ ಮನಸ್ಸೂ ಆ ಹೊತ್ತನ್ನು ಗುರುತು ಹಿಡಿಯುತ್ತದೆ.

ಎರಡನೆಯ ಹೆಜ್ಜೆ: ಕೂರುವುದು, ಉಸಿರಾಡುವುದು

ಪತಂಜಲಿಯ ಯೋಗಸೂತ್ರ ಆಸನದ ಬಗೆಗೆ ಹೇಳುವುದು ‘ಸ್ಥಿರಸುಖಮಾಸನಮ್’ ಎಂಬಷ್ಟನ್ನೇ: ಅಲುಗಾಡದಂತಿರಬೇಕು, ಹಿತವಾಗಿಯೂ ಇರಬೇಕು. ಮಂಡಿನೋವಿರುವವರು ಕುರ್ಚಿಯಲ್ಲಿ ಕುಳಿತು ಪಾದಗಳನ್ನು ನೆಲಕ್ಕೆ ಊರಿದರೆ ಏನೂ ಕೊರತೆಯಾಗುವುದಿಲ್ಲ. ಬೆನ್ನು ನೇರವಾಗಿರಲಿ, ಹೆಗಲು ಬಿಗಿಯಾಗದಿರಲಿ. ಬಳಿಕ ಉಸಿರನ್ನು ಅದರ ಪಾಡಿಗೆ ಬಿಟ್ಟು ಹೊರಹೋಗುವ ಪ್ರತಿ ಉಸಿರನ್ನೂ ಹತ್ತರ ವರೆಗೆ ಎಣಿಸಿ, ಮತ್ತೆ ಒಂದರಿಂದ ಆರಂಭಿಸಿ. ನಡುವೆ ಲೆಕ್ಕ ತಪ್ಪಿದರೆ ಒಂದಕ್ಕೆ ಮರಳಿ. ಐದು ನಿಮಿಷ ಇಷ್ಟೇ ಮಾಡಿ. ಉಸಿರು ಬಿಗಿಹಿಡಿಯುವ ಕುಂಭಕವನ್ನು, ಅದರಲ್ಲೂ ರಕ್ತದೊತ್ತಡ ಅಥವಾ ಹೃದಯದ ತೊಂದರೆಯಿರುವವರು, ಬಲ್ಲವರು ಎದುರಿಗಿಲ್ಲದೆ ಮಾಡಬಾರದು.

ಮೂರನೆಯ ಹೆಜ್ಜೆ: ಒಂದು ಹೆಸರು

ಸಾಧನೆಯ ನಡುಗಂಬ ಇದು. ಒಂದೇ ಒಂದು ನಾಮವನ್ನು ಆರಿಸಿಕೊಳ್ಳಿ. ಮನೆತನದಲ್ಲಿ ಉಪದೇಶವಾಗಿ ಬಂದ ಮಂತ್ರವಿದ್ದರೆ ಅದೇ ಸಾಕು, ಇನ್ನೊಂದನ್ನು ಹುಡುಕಬೇಡಿ. ಇಲ್ಲದವರು ‘ನಮಃ ಶಿವಾಯ’ ಎಂಬ ಪಂಚಾಕ್ಷರಿಯನ್ನೋ, ‘ಓಂ ನಮೋ ನಾರಾಯಣಾಯ’ ಎಂಬ ಅಷ್ಟಾಕ್ಷರಿಯನ್ನೋ ಹಿಡಿಯಬಹುದು. ಅದೂ ಭಾರವೆನಿಸಿದರೆ ರಾಮ, ಕೃಷ್ಣ, ಅಮ್ಮ ಎಂಬ ಕರೆಯೇ ಆದೀತು. ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಿ ಸಂಜೆಯ ಹೊತ್ತು ಜಪಸರ ಹಿಡಿದು ಕೂರುವವರಿದ್ದಾರೆ, ಭಟ್ಕಳದ ಕಡೆ ತಸ್ಬಿ ಹಿಡಿದು ದೇವರ ಹೆಸರುಗಳನ್ನು ಸ್ಮರಿಸುವವರಿದ್ದಾರೆ. ಅವರವರ ದಾರಿ ಅವರವರಿಗೆ ಕೂಡಿಬಂದದ್ದು. ಹೆಸರು ಯಾವುದೆಂಬುದಕ್ಕಿಂತ ಅದನ್ನು ಬದಲಿಸದಿರುವುದು ಮುಖ್ಯ. ನಾಲ್ಕು ಕಡೆ ನಾಲ್ಕು ಮೊಳ ತೋಡಿದವನಿಗೆ ಬಾವಿಯ ನೀರು ಸಿಗುವುದಿಲ್ಲ.

ಜಪಮಾಲೆಗೆ 108 ಮಣಿ, ಮೇಲೊಂದು ಮೇರು ಎಂಬ ತುದಿಮಣಿ. ಮಾಲೆಯನ್ನು ಬಲಗೈಯ ನಡುಬೆರಳಿನ ಮೇಲೆ ಇಳಿಬಿಟ್ಟು ಹೆಬ್ಬೆರಳಿನಿಂದ ಒಂದೊಂದೇ ಮಣಿಯನ್ನು ನಿಮ್ಮ ಕಡೆಗೆ ಎಳೆದುಕೊಳ್ಳಬೇಕು, ತೋರುಬೆರಳನ್ನು ತಾಗಿಸಬಾರದೆಂಬುದು ರೂಢಿ. ಮೇರು ಬಂದಾಗ ಅದನ್ನು ದಾಟದೆ ಮಾಲೆಯನ್ನು ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹಿಂದಿರುಗಬೇಕು. ಆತುರವಿಲ್ಲದೆ ಹೇಳಿದರೆ ಒಂದು ಮಾಲೆಗೆ ಏಳೆಂಟು ನಿಮಿಷ ಹಿಡಿಯುತ್ತದೆ. ಆರಂಭಕ್ಕೆ ಎರಡು ಮಾಲೆ ಧಾರಾಳವಾಯಿತು. ಮಾಲೆಯಿಲ್ಲದವರು ಬೆರಳಿನ ಗೆಣ್ಣುಗಳಲ್ಲಿ ಎಣಿಸಬಹುದು.

ಜಪದಲ್ಲಿ ಮೂರು ಬಗೆ: ಕೇಳುವಂತೆ ಹೇಳುವುದು ವಾಚಿಕ, ತುಟಿ ಮಾತ್ರ ಅಲುಗುವುದು ಉಪಾಂಶು, ಮನಸ್ಸಿನಲ್ಲಿಯೇ ನಡೆಯುವುದು ಮಾನಸಿಕ. ಮೂರನೆಯದು ಶ್ರೇಷ್ಠವೆಂದು ಓದಿ ನೇರವಾಗಿ ಅಲ್ಲಿಗೇ ಹಾರಿದವರು ಬಹುಬೇಗ ತೂಕಡಿಸುತ್ತಾರೆ. ಮೊದಲ ಕೆಲವು ವಾರ ಬಾಯಿಬಿಟ್ಟೇ ಹೇಳಿ, ನಿಮ್ಮ ದನಿ ನಿಮ್ಮ ಕಿವಿಗೆ ಬೀಳಲಿ. ಹಂಚಿನ ಮೇಲೆ ಮಳೆ ಹೊಡೆಯುವಾಗ ಜಪದ ದನಿ ಪಕ್ಕದ ಕೋಣೆಗೂ ಕೇಳುವುದಿಲ್ಲ, ಸಂಕೋಚದವರಿಗೆ ಮಳೆಗಾಲ ಈ ದೃಷ್ಟಿಯಿಂದಲೂ ಅನುಕೂಲ.

ಮನಸ್ಸು ಓಡುತ್ತದೆ. ಎರಡನೆಯ ಮಣಿಗೇ ಸೊಸೈಟಿಯ ಸಾಲದ ಕಂತು ನೆನಪಾಗುತ್ತದೆ. ಅರ್ಜುನನಂಥವನೇ ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಂತೆ ಎಂದು ಕೈಚೆಲ್ಲಿದ್ದು ಗೀತೆಯ ಆರನೆಯ ಅಧ್ಯಾಯದಲ್ಲಿದೆ. ಅದೇ ಅಧ್ಯಾಯವು, ಚಂಚಲವಾದ ಮನಸ್ಸು ಎಲ್ಲೆಲ್ಲಿಗೆ ಹೋಗುವುದೋ ಅಲ್ಲಲ್ಲಿಂದ ಅದನ್ನು ಹಿಂದಕ್ಕೆ ತರಬೇಕೆಂದು ಹೇಳುತ್ತದೆ. ಎಷ್ಟು ಸಲ ತರಬೇಕೆಂಬ ಲೆಕ್ಕವನ್ನು ಅದು ಕೊಟ್ಟಿಲ್ಲ. ಅರ್ಧ ಗಂಟೆಯಲ್ಲಿ ನೂರು ಸಲ ಹೋಗಿ ನೂರು ಸಲ ಬಂದರೆ ಆ ದಿನದ ಜಪ ಕೆಟ್ಟಿತೆಂದು ತಿಳಿಯಬಾರದು, ನೂರು ಸಲ ಅಭ್ಯಾಸವಾಯಿತು. ಮರಳಿ ತರುವಾಗ ಬೈಯದೆ ತರುವುದು ಮಾತ್ರ ಅಗತ್ಯ. ತನ್ನ ಮನಸ್ಸಿನ ಮೇಲೆಯೇ ಸಿಡುಕುವವನು ಮಣೆಯಿಂದೆದ್ದ ಮೇಲೆ ಇನ್ನಾರ ಮೇಲೆ ಸಿಡುಕದಿದ್ದಾನು?

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಮೊದಲ ವರ್ಷ ಶ್ರಾವಣದಲ್ಲಿ ದಿನಕ್ಕೆ ಹನ್ನೊಂದು ಮಾಲೆಯ ಸಂಕಲ್ಪ ಮಾಡಿದ್ದೆ. ಒಂದು ಬೆಳಿಗ್ಗೆ ಒಂಬತ್ತನೆಯ ಮಾಲೆ ನಡೆಯುತ್ತಿದ್ದಾಗ ನಾಲ್ಕು ವರ್ಷದ ಮಗ ಹಾಲಿನ ಚೊಂಬು ಉರುಳಿಸಿದ ಸದ್ದಾಯಿತು. ನಾನು ಮಾಲೆ ಕೈಯಲ್ಲಿರುವಂತೆಯೇ ಬಾಗಿಲಿಗೆ ಬಂದು ಗದರಿದೆ. ಮಗು ಅಳುವುದನ್ನೂ ಮರೆತು ನನ್ನ ಕೈಯ ಮಾಲೆಯನ್ನೇ ನೋಡುತ್ತ ನಿಂತಿತು. ಒಳಗಿನಿಂದ ಅಮ್ಮ, “ತಮಾ, ಜಪ ಸಾಕು, ಮೊದ್ಲು ಮಾಣಿನ ಸಮಾಧಾನ ಮಾಡು” ಎಂದಳು. ಮರುದಿನದಿಂದ ನಾನು ಒಂದೇ ಮಾಲೆಗೆ ಇಳಿದೆ.

ನಾಲ್ಕನೆಯ ಹೆಜ್ಜೆ: ಹೆಸರಿಗೆ ಪ್ರೀತಿ ಕೂಡುವುದು

ಹೆಸರನ್ನು ಹೇಳುವುದು ಅಭ್ಯಾಸದಿಂದ ಬರುತ್ತದೆ, ಆದರೆ ಅಭ್ಯಾಸವೊಂದೇ ಆದರೆ ಜಪ ಅಡಿಕೆ ಎಣಿಸಿದಂತಾಗುತ್ತದೆ. ಆ ಹೆಸರಿನವನು ನಿಮಗೆ ಏನಾಗಬೇಕು ಎಂಬುದನ್ನು ನೀವು ನಿರ್ಧರಿಸಿಕೊಳ್ಳಬೇಕು. ಭಕ್ತಿಶಾಸ್ತ್ರ ಶಾಂತ, ದಾಸ್ಯ, ಸಖ್ಯ, ವಾತ್ಸಲ್ಯ, ಮಧುರ ಎಂದು ಐದು ಭಾವಗಳನ್ನು ಗುರುತಿಸುತ್ತದೆ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ ಗಂಡನಾದ, ಹರಿದಾಸರು ತಮ್ಮನ್ನು ದಾಸರೆಂದೇ ಕರೆದುಕೊಂಡು ಹಲವು ಪದಗಳಲ್ಲಿ ಯಶೋದೆಯಾಗಿ ಕೃಷ್ಣನನ್ನು ಎತ್ತಿ ಆಡಿಸಿದರು. ನಿಮ್ಮ ಬದುಕಿನಲ್ಲಿ ಅತ್ಯಂತ ಸಲೀಸಾಗಿ ಪ್ರೀತಿ ಹರಿದದ್ದು ಯಾರ ಕಡೆಗೆ ಎಂದು ನೋಡಿಕೊಳ್ಳಿ. ತಾಯಿಯ ಕಡೆಗಾದರೆ ದೇವರು ತಾಯಿಯಾಗಲಿ, ಗೆಳೆಯನ ಕಡೆಗಾದರೆ ಗೆಳೆಯನಾಗಲಿ. ಎರವಲು ತಂದ ಭಾವ ನಿಲ್ಲುವುದಿಲ್ಲ.

ಇದನ್ನು ಕೈಯಾರೆ ಅಭ್ಯಾಸ ಮಾಡುವ ಬಗೆಯೆಂದರೆ ನೈವೇದ್ಯ. ಎಲೆ, ಹೂವು, ಹಣ್ಣು, ನೀರು ಯಾವುದನ್ನು ಭಕ್ತಿಯಿಂದ ಕೊಟ್ಟರೂ ಸ್ವೀಕರಿಸುವೆನೆಂದು ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿದೆ. ಜಪ ಮುಗಿದ ಮೇಲೆ ಒಂದು ಲೋಟ ನೀರನ್ನೋ, ಅಂಗಳದ ದಾಸವಾಳವನ್ನೋ ಎದುರಿಗಿಟ್ಟು ಐದು ನಿಮಿಷ ಸುಮ್ಮನೆ ಕುಳಿತಿರಿ. ಆ ಐದು ನಿಮಿಷ ಏನನ್ನೂ ಬೇಡಬಾರದು.

ಬೇಡದೆ ಕೊಡುವುದು ಹೇಗಿರುತ್ತದೆಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ಐತಿಹ್ಯವಿದೆ. ಶಿರಸಿ ತಾಲ್ಲೂಕಿನ ಸೋದೆಯಲ್ಲಿ ವೃಂದಾವನಸ್ಥರಾಗಿರುವ ವಾದಿರಾಜರು ‘ಹಯವದನ’ ಅಂಕಿತದ ಕೀರ್ತನಕಾರರು. ಅವರು ಕಡಲೆಬೇಳೆ ಬೇಯಿಸಿ, ಬೆಲ್ಲ, ತೆಂಗಿನಕಾಯಿ, ತುಪ್ಪ ಕೂಡಿಸಿ ಮಾಡಿದ ಮಡ್ಡಿಯನ್ನು ಹರಿವಾಣದಲ್ಲಿ ತುಂಬಿ ತಲೆಯ ಮೇಲೆ ಹೊತ್ತು ನಿಲ್ಲುತ್ತಿದ್ದರಂತೆ. ಹಯಗ್ರೀವ ದೇವರು ಕುದುರೆಯ ರೂಪದಲ್ಲಿ ಹಿಂದಿನಿಂದ ಬಂದು, ಮುಂಗಾಲುಗಳನ್ನು ಅವರ ಹೆಗಲ ಮೇಲಿರಿಸಿ ಅದನ್ನು ತಿನ್ನುತ್ತಿದ್ದನಂತೆ. ಇಂದಿಗೂ ಆ ಸಿಹಿಗೆ ‘ಹಯಗ್ರೀವ’ ಎಂದೇ ಹೆಸರು. ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕುದುರೆಯಲ್ಲ, ಹರಿವಾಣ ಹೊತ್ತು ನಿಂತ ಭಂಗಿ. ಬೆನ್ನ ಹಿಂದೆ ಬಂದವನನ್ನು ನೋಡಲು ತಿರುಗುವಂತಿಲ್ಲ, ತಿರುಗಿದರೆ ಹರಿವಾಣ ಬೀಳುತ್ತದೆ. ಹೆಗಲ ಮೇಲಿನ ಭಾರವನ್ನಷ್ಟೇ ನಂಬಿ ನಿಂತಿರಬೇಕು. ನೈವೇದ್ಯದ ಆ ಐದು ನಿಮಿಷ ‘ದರ್ಶನವಾಯಿತೇ’ ಎಂದು ಕಣ್ಣು ತೆರೆದು ನೋಡುವ ಆಸೆಯಾದಾಗಲೆಲ್ಲ ನಾನು ಈ ಭಂಗಿಯನ್ನು ನೆನೆಯುತ್ತೇನೆ.

ಐದನೆಯ ಹೆಜ್ಜೆ: ಮಣೆಯಿಂದೆದ್ದ ಮೇಲೆ

ಅರ್ಧ ಗಂಟೆ ಜಪ, ಉಳಿದ ಇಪ್ಪತ್ತಮೂರೂವರೆ ಗಂಟೆ ಹಿಂದಿನಂತೆಯೇ ಎಂದಾದರೆ ಸಾಧನೆ ಮುಂದೆ ಸಾಗುವುದಿಲ್ಲ. ಆದ್ದರಿಂದ ದಿನದ ಒಂದು ಕೆಲಸಕ್ಕೆ ಹೆಸರನ್ನು ಕಟ್ಟಿಬಿಡಿ. ನಮ್ಮ ದೊಡ್ಡಮ್ಮ ಮಾಲೆ ಹಿಡಿದದ್ದನ್ನು ನಾನು ಕಂಡಿಲ್ಲ. ಕೊಯ್ಲಿನ ಕಾಲದಲ್ಲಿ ರಾತ್ರಿ ಜಗುಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದಳು. ಹಸಿ ಅಡಿಕೆಯನ್ನು ಕತ್ತಿಯ ಅಲಗಿಗೆ ಒತ್ತಿ, ಅರ್ಧ ಸುತ್ತು ತಿರುಗಿಸಿ, ಸಿಪ್ಪೆಯನ್ನು ಸೀಳಿ ಕಿತ್ತಾಗ ಬೆತ್ತಲೆ ಅಡಿಕೆ ಟಕ್ಕೆಂದು ಬುಟ್ಟಿಗೆ ಬೀಳುತ್ತಿತ್ತು; ಆ ಟಕ್ಕಿಗೊಂದು ‘ರಾಮ’. ಉಳಿದವರು ಎಷ್ಟು ಡಬ್ಬ ಸುಲಿದೆವೆಂದು ಲೆಕ್ಕ ಹಾಕುತ್ತಿದ್ದರೆ ಅವಳ ತುಟಿ ಅಲುಗುತ್ತಲೇ ಇರುತ್ತಿತ್ತು. ಎಷ್ಟು ಜಪವಾಯಿತು ಎಂದು ಕೇಳಿದರೆ “ಬುಟ್ಟಿ ನೋಡು, ಗೊತ್ತಾಗ್ತು” ಎನ್ನುವಳು. ಬಲೆ ಹೆಣೆಯುವವರಿಗೆ ಗಂಟಿಗೊಂದು, ಬಾವಿಯ ನೀರು ಸೇದುವವರಿಗೆ ಕೊಡಕ್ಕೊಂದು. ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿಯುವವರಿಗಂತೂ ತಿರುವಿಗೊಂದು ಹೆಸರು ತಾನಾಗಿಯೇ ಬರುತ್ತದೆ.

ಜನರೊಡನೆ ನಡೆದುಕೊಳ್ಳುವುದಕ್ಕೆ ಯೋಗಸೂತ್ರದ ಮೊದಲ ಪಾದದ 33ನೆಯ ಸೂತ್ರಕ್ಕಿಂತ ಒಳ್ಳೆಯ ಸೂಚನೆಯನ್ನು ನಾನು ಕಂಡಿಲ್ಲ: ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಸಂತೋಷ, ಪಾಪಿಗಳಲ್ಲಿ ಉಪೇಕ್ಷೆ, ಇದರಿಂದ ಚಿತ್ತ ತಿಳಿಯಾಗುತ್ತದೆ. ಕರುಣೆ ನಮಗೆ ಅಷ್ಟು ಕಷ್ಟವಲ್ಲ. ಕಷ್ಟವಿರುವುದು ಮೊದಲನೆಯದು. ಪಕ್ಕದ ತೋಟಕ್ಕೆ ಕೊಳೆರೋಗ ತಾಗದೆ ನಮ್ಮ ತೋಟಕ್ಕೆ ತಾಗಿದ ವರ್ಷ ಆ ಮನೆಯವರನ್ನು ಕಂಡು ಮನಸಾರೆ ನಗುವುದು ಹತ್ತು ಮಾಲೆ ಜಪಕ್ಕಿಂತ ದೊಡ್ಡ ಸಾಧನೆ. ಒಂದು ವಾರ ಒಬ್ಬರನ್ನು ಆರಿಸಿಕೊಳ್ಳಿ. ಜಪದ ಕೊನೆಯಲ್ಲಿ ಅವರ ಮುಖವನ್ನು ನೆನೆದು ಅವರಿಗೆ ಒಳಿತಾಗಲಿ ಎಂದುಕೊಳ್ಳಿ, ಆ ವಾರದೊಳಗೆ ಒಮ್ಮೆಯಾದರೂ ನೀವೇ ಮೊದಲು ಮಾತಾಡಿಸಿ. ಹೊಂದದವರನ್ನು ಆರಿಸುವುದು ಮೂರನೆಯ, ನಾಲ್ಕನೆಯ ವಾರಕ್ಕೆ ಸಾಕು. ಮೊದಲ ವಾರವೇ ಕಡುವೈರಿಯನ್ನು ಆರಿಸಿಕೊಂಡು ಸೋಲಬೇಡಿ.

ಮನೆಯವರನ್ನು ದೂರವಿಟ್ಟು ದೇವರನ್ನು ಹತ್ತಿರ ಮಾಡಿಕೊಳ್ಳಬಹುದೆಂಬ ಭ್ರಮೆ ಇಲ್ಲಿ ಹುಟ್ಟುವುದುಂಟು. ರವೀಂದ್ರನಾಥ ಠಾಕೂರರು 1880ರ ದಶಕದ ಆರಂಭದಲ್ಲಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ಬಂದಿದ್ದಾಗ ಬರೆದ ‘ಪ್ರಕೃತಿರ ಪ್ರತಿಶೋಧ’ ನಾಟಕದ ವಸ್ತು ಇದುವೇ: ಮಮತೆಯ ಬಂಧನಗಳನ್ನೆಲ್ಲ ಕಡಿದುಕೊಂಡು ಅನಂತವನ್ನು ಕಾಣಹೊರಟ ಸಂನ್ಯಾಸಿಯನ್ನು ಒಬ್ಬ ಪುಟ್ಟ ಹುಡುಗಿಯ ಪ್ರೀತಿ ಮರಳಿ ಲೋಕಕ್ಕೆ ಎಳೆಯುತ್ತದೆ. ಈಗ ಅವರ ಹೆಸರನ್ನೇ ಹೊತ್ತಿರುವ ಆ ಕಡಲತೀರದಲ್ಲಿ ಸಂಜೆ ನಡೆಯುವವರು ಒಮ್ಮೆ ಇದನ್ನು ನೆನೆದರೆ ಒಳ್ಳೆಯದು.

ಆರನೆಯ ಹೆಜ್ಜೆ: ಮಲಗುವ ಮುನ್ನ

ಒಂದು ನೋಟುಬುಕ್ಕಿನಲ್ಲಿ ಎರಡು ಸಾಲು ಸಾಕು. ಇಂದು ಎಲ್ಲಿ ಸಿಡುಕಿದೆ, ಇಂದು ಎಲ್ಲಿ ಕಾರಣವಿಲ್ಲದೆ ಮನಸ್ಸು ಹಗುರವಾಯಿತು. ವಿಶ್ಲೇಷಣೆ ಬೇಡ. ಬಳಿಕ ಹೆಸರನ್ನು ಹೇಳುತ್ತಲೇ ನಿದ್ದೆಹೋಗಿ.

ಎಡವುವ ಜಾಗಗಳು

ವ್ಯಾಧಿ, ಜಡತೆ, ಸಂಶಯ, ಆಲಸ್ಯ ಮೊದಲಾದ ಒಂಬತ್ತು ವಿಘ್ನಗಳನ್ನು ಯೋಗಸೂತ್ರ ಹೆಸರಿಸುತ್ತದೆ. ಗೃಹಸ್ಥರನ್ನು ಹೆಚ್ಚಾಗಿ ಕಾಡುವುದು ಬೇರೊಂದು: ಮೂರು ನಾಲ್ಕು ವಾರ ಕಳೆದ ಮೇಲೆ ಬರುವ ಒಣತನ. ಮೊದಲಿನ ಹುರುಪು ಇಳಿದಿರುತ್ತದೆ, ಹೆಸರು ಬಾಯಿಗೆ ರುಚಿಸುವುದಿಲ್ಲ. ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ಮಾರಿಕಾಂಬೆಯ ಜಾತ್ರೆ ನಡೆಯುವಾಗ ಊರೆಲ್ಲ ಭಕ್ತಿಯಲ್ಲಿ ತೇಲುತ್ತದೆ, ಜಾತ್ರೆಯಿಲ್ಲದ ವರ್ಷವೂ ಗುಡಿಯಲ್ಲಿ ಬೆಳಗಿನ ಪೂಜೆ ತಪ್ಪುವುದಿಲ್ಲ. ಒಣ ದಿನಗಳ ಜಪ ಆ ಬೆಳಗಿನ ಪೂಜೆಯ ಜಾತಿಯದು. ಆ ದಿನಗಳಲ್ಲಿ ಮಾಲೆಯನ್ನು ಹೆಚ್ಚಿಸಲೂಬೇಡಿ, ಬಿಡಲೂಬೇಡಿ.

ಬೆಳಕು ಕಂಡಿತು, ನಾದ ಕೇಳಿತು, ಮೈ ಝುಮ್ಮೆಂದಿತು ಎಂಬ ಅನುಭವಗಳು ಕೆಲವರಿಗೆ ಆಗುತ್ತವೆ. ಆದರೆ ಆಗಲಿ, ಊರಿಗೆಲ್ಲ ಹೇಳಿಕೊಂಡು ಬರಬೇಡಿ. ಅದರಿಂದ ಮನೆಯವರೊಡನೆ ನಿಮ್ಮ ಮಾತು ಮೆದುವಾಯಿತೇ ಎಂಬುದೊಂದನ್ನೇ ನೋಡಿಕೊಳ್ಳಿ. ಇಂಥ ಅನುಭವವನ್ನು ಇಷ್ಟು ದಿನದಲ್ಲಿ, ಇಷ್ಟು ಹಣಕ್ಕೆ ಕೊಡಿಸುತ್ತೇನೆನ್ನುವವರಿಂದ ದೂರವಿರಿ. ನಾನೂ ಒಮ್ಮೆ ಒಂದು ಶಿಬಿರಕ್ಕೆ ದುಡ್ಡು ಕಟ್ಟಿ, ಮೂರು ದಿನ ಧ್ವನಿವರ್ಧಕದ ಮುಂದೆ ಕುಳಿತು, ತಲೆನೋವಿನೊಂದಿಗೆ ಮನೆಗೆ ಬಂದವನು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಬಿಟ್ಟುಹೋಗಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ಅದು ಸಾಧನೆಯ ಒಣತನವಲ್ಲ, ಕಾಯಿಲೆ, ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮಾತ್ರೆ ತೆಗೆದುಕೊಳ್ಳುತ್ತಲೇ ಜಪ ಮಾಡಬಹುದು, ಜಪದ ನೆವದಲ್ಲಿ ಮಾತ್ರೆ ಬಿಡುವಂತಿಲ್ಲ.

ಜೊತೆಗಾರರು

ವಾರಕ್ಕೊಮ್ಮೆ ಊರಿನ ಭಜನೆಗೆ ಹೋಗಿ, ದನಿ ಚೆನ್ನಾಗಿಲ್ಲದವರು ತಾಳ ಹಿಡಿಯಬಹುದು. ಭಾಗವತ ಹೇಳುವ ಒಂಬತ್ತು ಬಗೆಯ ಭಕ್ತಿಯಲ್ಲಿ ಮೊದಲ ಸ್ಥಾನ ಶ್ರವಣಕ್ಕೆ. ಮಳೆಗಾಲದ ರಾತ್ರಿಯ ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿಯ ಬಾಯಿಂದ ಭೀಷ್ಮನ ಮಾತೋ ಸುಧನ್ವನ ಮಾತೋ ಕೇಳಿಬಂದ ಮರುದಿನ ಜಪ ಬೇರೆಯೇ ಆಗಿರುತ್ತದೆ ಎಂಬುದು ನನ್ನ ಅನುಭವ.

ತಪ್ಪಿದ ದಿನ, ಹರಿದ ಮಾಲೆ

ಸೂತಕದ ದಿನಗಳಲ್ಲಿ ದೀಪ, ಮಾಲೆಗಳನ್ನು ಮುಟ್ಟದಿದ್ದರೂ ಮಾನಸಿಕ ಜಪಕ್ಕೆ ಅಡ್ಡಿಯಿಲ್ಲವೆಂದು ಹಿರಿಯರು ಹೇಳುತ್ತಾರೆ. ಜ್ವರ, ಪ್ರಯಾಣಗಳಲ್ಲೂ ಹಾಗೆಯೇ. ಹನ್ನೊಂದು ಹೆಸರು ಹೇಳಿದರೂ ಆ ದಿನ ತಪ್ಪಿದಂತಲ್ಲ. ಮರೆತೇಹೋದ ದಿನಕ್ಕೆ ಮರುದಿನ ಬಡ್ಡಿ ಕಟ್ಟಬೇಡಿ, ಎಂದಿನ ಎರಡೇ ಮಾಲೆ ಮಾಡಿ ಏಳಿ.

ತುಳಸಿಮಾಲೆಯ ನೂಲು ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಒಂದಲ್ಲ ಒಂದು ದಿನ ಹರಿಯುತ್ತದೆ. ಅಪಶಕುನವೆಂದು ಹೆದರಬೇಡಿ. ಮಣಿಗಳು ಮಣೆಯ ಅಡಿಗೂ ಗೋಡೆಯ ಸಂದಿಗೂ ಉರುಳಿರುತ್ತವೆ. ಟಾರ್ಚ್ ಹಿಡಿದು ಮಕ್ಕಳನ್ನೂ ಕರೆದುಕೊಂಡು ಹೆಕ್ಕಿ, 108 ಆಯಿತೇ ಎಣಿಸಿ, ಗಟ್ಟಿ ಹತ್ತಿ ನೂಲಿನಲ್ಲಿ ಮಣಿಗೊಂದು ಗಂಟು ಹಾಕುತ್ತ ಪೋಣಿಸಿ. ಗಂಟಿದ್ದರೆ ಮುಂದಿನ ಸಲ ಹರಿದಾಗ ಎಲ್ಲ ಮಣಿಗಳೂ ಒಟ್ಟಿಗೆ ಚೆಲ್ಲುವುದಿಲ್ಲ. ಹೀಗೆ ಪೋಣಿಸಲು ಎರಡು ಗಂಟೆಯಂತೂ ಬೇಕು. ಆ ದಿನದ ಜಪ ಅದರಲ್ಲಿಯೇ, ಗಂಟಿಗೊಂದರಂತೆ ಆಗಿಹೋಗುತ್ತದೆ.